ಎಲೆಗಿವಿ ಮೊಲದ ಬಾಣಂತನ

ಅಂಜುವವನ ಮೇಲೆ ಹಾವು ಎಸೆದರು ಅನ್ನುವ ಮಾತಿದೆ. ಯಾರೋ ನನ್ನನ್ನು ನೋಡಿಯೇ ಅದನ್ನು ಕಟ್ಟಿರಬೇಕು. ನಾನು ಅಂಜುವುದು ಬಿಟ್ಟಿಲ್ಲ, ಹಾವುಗಳು ಬಂದು ಬೀಳುವುದೂ ನಿಂತಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ವಾಡಿ ಸ್ಟೇಷನ್ನಿನಿಂದ ಎರಡು ಸಲ ಮನೆಗೆ ತಿರುಗಿ ಬಂದು, ಎರಡು ಸಲವೂ ಬಂದ್ ಆಗಿದ್ದನ್ನು ನೋಡಿ, ಕೊನೆಗೆ ರೈಲು ತಪ್ಪಿಸಿಕೊಂಡು ಕೂತವನು ನಾನು. ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ನನಗೆ ಕೆಲಸ. ನಾನು ಡಾಕ್ಟರ್ ಅಲ್ಲ, ಡಾಕ್ಟರ ಕೈಕೆಳಗಿನ ಇನ್ಸ್‌ಪೆಕ್ಟರ್. ಆದರೆ ಆಕಳು ಎಮ್ಮೆಗಳಿಗೆ ಗರ್ಭಧಾರಣೆಯ ಸೂಜಿ ಹಾಕುವವನು ನಾನೇ ಆದ್ದರಿಂದ ರೈತರೆಲ್ಲ ಡಾಕ್ಟ್ರೇ ಅಂತಾರೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದರೂ ಪ್ರತಿ ಸಲ ಕರು ಹುಟ್ಟುವವರೆಗೆ ನನಗೆ ಊಟ ಸೇರುವುದಿಲ್ಲ. ಹೋದ ವರ್ಷ ಇದರ ಜೊತೆಗೆ ಇನ್ನೊಂದು ಜಾತಿಯ ಪ್ರಾಣಿಯ ಬಾಣಂತನ ನನ್ನ ಪಾಲಿಗೆ ಬಂತು.

ಐದು ನಿಮಿಷದ ಫೋನು

ನನ್ನ ಮಗಳು ಒಂಬತ್ತನೆಯ ಇಯತ್ತೆ. ಸೇಡಂನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ವಾರಕ್ಕೆ ಎರಡು ಸಲ, ಬುಧವಾರ ಮತ್ತು ಶನಿವಾರ, ವಾರ್ಡನ್ ಮೇಡಂ ಫೋನಿನಿಂದ ಐದು ನಿಮಿಷ ಮಾತಾಡಲು ಬಿಡುತ್ತಾರೆ. ಮೊದಲ ಎರಡು ತಿಂಗಳು ಆ ಐದು ನಿಮಿಷದಲ್ಲಿ ನಾಲ್ಕು ನಿಮಿಷ ಅಳುವೇ. ‘ಅಪ್ಪಾ, ನನ್ನ ಕರಕೊಂಡು ಹೋಗಪ್ಪಾ, ಇಲ್ಲಿ ಯಾರೂ ನನ್ನ ಕೂಡ ಮಾತಾಡಂಗಿಲ್ಲ’ ಅನ್ನುವಳು. ಅವಳಿಗೂ ನನ್ನಂತೆಯೇ ಮಂದಿ ಅಂದರೆ ಹೆದರಿಕೆ. ಬಣ್ಣ ಅವರವ್ವನದು, ಪುಕ್ಕಲುತನ ನನ್ನದು. ಅದೊಂದು ನನ್ನಿಂದ ಹೋಗದಿದ್ದರೆ ಸಾಕಿತ್ತು ಎಂದು ಫೋನಿಟ್ಟ ಮೇಲೆ ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ.

ಒಂದು ಬುಧವಾರ ಅಳು ಇರಲಿಲ್ಲ. ಅವಳ ಸೋದರಮಾವ ಹೈದರಾಬಾದಿನಿಂದ ತಂದುಕೊಟ್ಟ, ಪುಟ್ಟ ಪರದೆಯ ವಿಡಿಯೊ ಆಟದ ಡಬ್ಬಿಯೊಂದು ನಮ್ಮ ಮನೆಯಲ್ಲಿದೆ. ಅದರಲ್ಲಿ ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಒಂದಕ್ಕೊಂದು ಕಾಳಗಕ್ಕೆ ಬಿಡಬೇಕು. ಹಾಸ್ಟೆಲಿನಲ್ಲಿ ಇನ್ನಿಬ್ಬರು ಹುಡುಗಿಯರ ಮನೆಯಲ್ಲೂ ಅದೇ ಆಟ ಇದೆ ಎಂದು ಗೊತ್ತಾಗಿ ಮೂವರೂ ಗೆಳತಿಯರಾಗಿದ್ದರು. ಶಹಾಬಾದಿನಲ್ಲಿ ಬರುವ ತಿಂಗಳು ಒಂದು ಭಾನುವಾರ ಮಕ್ಕಳ ಪಂದ್ಯ ಇದೆಯಂತೆ. ಮೂವರದೊಂದು ತಂಡ, ಒಬ್ಬೊಬ್ಬರಿಗೆ ಒಂದೊಂದು ಪ್ರಾಣಿ. ನನ್ನ ಮಗಳದು ಎಲೆಯಂಥ ಕಿವಿಯ ಮೊಲ.

‘ಅಪ್ಪಾ, ನನ್ನ ಎಲೆಗಿವಿಗಿ ಹಾರೈಕೆ ವಿದ್ಯೆ ಬೇಕು. ತಾ ಸಾಯೂದ್ರಾಗ ಅದು ಹಾರೈಸಿದ್ರ ಹಿಂದ ಬರೋ ಗೆಳತಿ ಪ್ರಾಣಿ ಗಾಯ ಎಲ್ಲಾ ವಾಸಿ ಆಗ್ತದ. ಆದ್ರ ಅದು ಹುಟ್ಟಿಂದೇ ಬರಬೇಕು, ಆಮ್ಯಾಲ ಕಲಸ್ಲಿಕ್ಕಿ ಬರಂಗಿಲ್ಲ. ನೀ ತಳಿ ಮಾಡಿ ಕೊಡು.’

‘ನಾನಾ?’

‘ಮತ್ತ್ಯಾರು? ದಿನಾ ಅದೇ ಕೆಲಸ ಮಾಡ್ತಿ ಅಲಾ!’ ಅಂದಳು. ಆಮೇಲೆ ದನಿ ಸಣ್ಣದು ಮಾಡಿ, ‘ಇದು ಕೆಟ್ಟರ ಅವರಿಬ್ಬರೂ ನನ್ನ ಕೂಡ ಮಾತು ಬಿಡ್ತಾರಪ್ಪ. ಆಮ್ಯಾಲ ನಾ ತಿರುಗಿ ಹಾಸ್ಟೆಲ್ಲಿಗಿ ಹೋಗಂಗಿಲ್ಲ, ಈಗೇ ಹೇಳ್ಲಿಕತ್ತೀನಿ’ ಅಂದಳು.

ಅಂದಿನಿಂದ ಡ್ಯೂಟಿ ಮುಗಿಸಿ ಬಂದವನೇ ಡಬ್ಬಿ ಹಿಡಿದು ಕೂರತೊಡಗಿದೆ. ಸಪ್ಪಗಿದ್ದುದನ್ನು ನೋಡಿ ಹೆಂಡತಿ ಕೇಳಿದಳು:

‘ಏನ್ರೀ, ಏನರ ಕೇಸ್ ಬಂದದೇನು? ಎಮ್ಮಿಯೋ ಆಕಳೋ?’

‘ಮೊಲ.’

‘ಮೊಲಕ್ಕ ನಿಮ್ಮ ಸೂಜಿ ಯಾಕ ಬೇಕ್ರಿ? ಅವು ಯಾರಿಗೂ ಕೇಳಂಗಿಲ್ಲ.’

ಅವ್ವ ಕೂಡಿಸಿದ ಸಂಬಂಧ

ಆ ಆಟದಲ್ಲೊಂದು ಕೊಟ್ಟಿಗೆ ಇದೆ. ಒಂದು ಗಂಡು ಒಂದು ಹೆಣ್ಣು ಬಿಟ್ಟು ಬಂದರೆ ಅಲ್ಲಿಯ ಮುದುಕ ಸ್ವಲ್ಪ ಹೊತ್ತಿಗೆ ತತ್ತಿ ತಂದು ಕೊಡುತ್ತಾನೆ. ಮರಿಗೆ ರೂಪ ತಾಯಿಯದು, ವಿದ್ಯೆ ತಂದೆಯದು. ಹಾರೈಕೆ ವಿದ್ಯೆ ಗೊತ್ತಿರುವುದು ಒಂದು ಮೋಡದ ಹಕ್ಕಿಗೆ. ಗಂಡು ಹಕ್ಕಿಯನ್ನೂ ಹೆಣ್ಣು ಮೊಲವನ್ನೂ ಬಿಟ್ಟು ಎರಡು ದಿನ ಕಾದೆ. ಹೋದಾಗಲೆಲ್ಲ ಮುದುಕ ಹೇಳುವುದು ಒಂದೇ ಮಾತು: ಇವು ಒಂದರ ಮುಖ ಒಂದು ನೋಡುವುದಿಲ್ಲ.

ನಮ್ಮವ್ವ ಪಡಸಾಲೆಯಲ್ಲಿ ತೊಗರಿ ಬೇಳೆ ಹಸನು ಮಾಡುತ್ತ ನನ್ನ ಮುಖ ನೋಡುತ್ತಿದ್ದಳು. ಅವ್ವನಿಗೆ ಎಂಬತ್ತರ ಹತ್ತಿರ. ಚಿಮ್ಮನಚೋಡದಿಂದ ಶಹಾಬಾದಿನವರೆಗೆ ನಮ್ಮ ಪೈಕಿ ಯಾರ ಮನೆಯ ಬೆಡಗು, ಅಂದರೆ ಗೋತ್ರ, ಯಾವುದು ಎಂದು ಬೆರಳ ತುದಿಯಲ್ಲಿ ಹೇಳುತ್ತಾಳೆ. ಬೆಡಗು ಒಂದೇ ಆದರೆ ಅಣ್ಣತಂಗಿ ಲೆಕ್ಕ, ಲಗ್ನ ಇಲ್ಲ. ಅವಳು ಕೂಡಿಸಿದ ಸಂಬಂಧ ಒಂದೂ ಮುರಿದಿಲ್ಲ.

‘ಏನಾಗ್ಯಾದೋ ತಮ್ಮಾ?’

ಹೇಳಿದೆ. ಅವ್ವ ಕೇಳಿದ ಮೊದಲ ಪ್ರಶ್ನೆ, ‘ಬೆಡಗು ಯಾವುದು?’

‘ಹಕ್ಕಿದು ಹಾರೋ ಗುಂಪು, ಮೊಲದ್ದು ಹುಲ್ಲಿನ ಗುಂಪು.’

‘ಬ್ಯಾರೆ ಬ್ಯಾರೆ ಅದಲಾ. ಛಲೋನೇ ಆಯ್ತು. ಮತ್ತ ಯಾಕ ಕೂಡವಲ್ಲವು?’

‘ಇಲ್ಲಿ ಒಂದೇ ಗುಂಪಿನವು ಇದ್ರೇ ಕೂಡ್ತಾವಂತವ್ವ.’

ಅವ್ವನ ಕೈಯೊಳಗಿನ ಮೊರ ಕೆಳಗೆ ಬಿತ್ತು. ‘ಒಂದೇ ಬೆಡಗಿನಾಗಾ? ಶಿವ ಶಿವಾ! ಅಣ್ಣತಂಗಿ ಅಲ್ಲೇನೋ! ಹುಡುಗಿ ಕೈಯಾಗ ಇಂಥಾ ಆಟ ಕೊಟ್ಟೀರಿ?’ ಎಂದವಳು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತಾನಾಗಿಯೇ ಬಂದು ಹತ್ತಿರ ಕೂತಳು. ಪೂಜೆಯಲ್ಲೂ ಅದನ್ನೇ ವಿಚಾರ ಮಾಡಿದ್ದಳೆಂದು ಕಾಣುತ್ತದೆ. ‘ಅವರ ರೀತಿ ಅವರಿಗಿ. ಎರಡೂ ಗುಂಪಿಗಿ ಬೇಕಾದದ್ದು ಯಾವುದರ ಅದ ಏನು?’

‘ರೆಕ್ಕಿ ಬೆಕ್ಕು ಅಂತ ಒಂದದ. ಹಾರೋದ್ರಾಗೂ ಅದ, ಹುಲ್ಲಿನಾಗೂ ಅದ.’

‘ಮತ್ತ್ಯಾಕ ಫಿಕರ್ ಮಾಡ್ತಿ? ಬೆಕ್ಕಿನ ಹೆಣ್ಣು ಹಕ್ಕಿಗಿ ತಗೋ. ಅವರಿಗಿ ಗಂಡು ಹುಟ್ಲಿ. ಅಪ್ಪನ ವಿದ್ಯೆ ಆ ಹುಡುಗನ ಕೈಗಿ ಬರ್ತದ. ಆಮ್ಯಾಲ ಆ ಹುಡುಗಗ ನಿನ್ನ ಮೊಲ ಕೊಡು. ಚಿಂಚೋಳಿ ಮನೆತನದವ್ರು ನಮಗ ನೇರ ಹೆಣ್ಣು ಕೊಡವಲ್ರಾಗಿದ್ರು, ಐನಾಪುರದವ್ರ ಮ್ಯಾಲಿಂದ ಸುತ್ತಿ ಹಾಕಿ ತಂದಿಲ್ಲೇನು ನಾ?’

ಆ ಶನಿವಾರ ಮಗಳು ಫೋನಿನಲ್ಲಿ ಯಾವುದೋ ಪುಸ್ತಕ ನೋಡಿ ಬರೆದುಕೊಂಡ ದಾರಿ ಓದಿ ಹೇಳಿದಳು. ಅಕ್ಷರಕ್ಕೆ ಅಕ್ಷರ ಅವ್ವ ಹೇಳಿದ್ದೇ ಆಗಿತ್ತು.

ಮುದುಕ ಮೊದಲ ತತ್ತಿ ಕೊಟ್ಟಾಗ ಸಂಭ್ರಮದಿಂದ ಅವ್ವನಿಗೆ ತೋರಿಸಲು ಓಡಿದೆ. ಅವ್ವ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, ದೇವರ ಜಗಲಿ ನೋಡಿದಳು.

‘ಸಂಬಂಧ ಕೂಡಿಸಿದಾಕಿ ನಾನೇ ಖರೆ. ಆದ್ರ ಈ ಮನಿ ಹೊಸ್ತಿಲು ಇವತ್ತಿನ ತನ ತತ್ತಿ ದಾಟಿಲ್ಲ. ಬೀಗರು ಹೊರಗ ಸ್ಕೂಟರ್ ಡಿಕ್ಕಿಯಾಗೇ ಇರಲಿ.’

ವಾಡಿಯ ನಡಿಗೆ

ತತ್ತಿ ಬಂದ ಮೇಲೆ ಏನು ಮಾಡಬೇಕು ಎಂದು ಬುಧವಾರದ ಫೋನಿನ ಕೊನೆಯಲ್ಲಿ ಕೇಳಿದೆ. ‘ನಡೀಬೇಕಪ್ಪ. ಸಾವಿರಗಟ್ಲೆ ಹೆಜ್ಜಿ ನಡದ್ರ ಒಡೀತದ’ ಎನ್ನುವಷ್ಟರಲ್ಲಿ ಮುಂದಿನ ಹುಡುಗಿಯ ಪಾಳಿ ಬಂದು ಫೋನ್ ಕಟ್ ಆಯಿತು.

ನಡೆದೆ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಮತ್ತು ಸಂಜೆ ಬಂದ ಮೇಲೆ, ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರಂ ಈ ತುದಿಯಿಂದ ಆ ತುದಿ. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು, ಚೀಲ ಅಲುಗದಂತೆ ಎದೆಗೆ ಅವಚಿಕೊಂಡು ನಡೆಯುತ್ತಿದ್ದೆ. ಜೋರಾಗಿ ನಡೆದರೆ ತತ್ತಿ ಹೊತ್ತಿಗೆ ಮೊದಲೇ ಒಡೆದೀತು, ಮೆಲ್ಲಗೆ ನಡೆದರೆ ತಡವಾದೀತು. ಯಾರಾದರೂ ಎದುರು ಬಂದರೆ ಗೋಡೆಗೆ ಆತು ನಿಲ್ಲುತ್ತಿದ್ದೆ.

ಎರಡನೆಯ ದಿನ ನಿವೃತ್ತ ಗಾರ್ಡ್ ಒಬ್ಬರು ಅಡ್ಡ ಬಂದರು. ‘ಶುಗರ್ ಏನ್ರಿ? ಎಷ್ಟದ?’

ತತ್ತಿ ಎಂದು ಹೇಳುವ ಧೈರ್ಯವಾಗಲಿಲ್ಲ. ‘ಹೂಂ ರೀ, ಭಾಳ ಅದ’ ಅಂದೆ.

‘ನಂದೂ ಭಾಳ ಅದ’ ಎಂದು ಅವರೂ ಜೊತೆಗೆ ಹೆಜ್ಜೆ ಹಾಕಿದರು. ಮೂರನೆಯ ದಿನ ಅವರ ಬೀಗರು ಬಂದರು, ಬೀಗರ ಹಿಂದೆ ಒಬ್ಬ ಮೇಷ್ಟ್ರು ಬಂದರು. ಎದೆಗೆ ಚೀಲ ಅವಚಿಕೊಂಡು ನಡೆದರೆ ಏನೋ ಹೆಚ್ಚಿನ ಗುಣ ಇರಬೇಕೆಂದು ಮೇಷ್ಟ್ರೂ ಒಂದು ಚೀಲ ತಂದರು.

ಶನಿವಾರ ಮಗಳು ಕೇಳಿದಳು, ‘ಒಡೀತೇನಪ್ಪಾ?’

‘ಇಲ್ಲವ್ವ. ನನ್ನ ಹಿಮ್ಮಡಿ ಒಡದಾವ.’

‘ಯಾಕ?’

‘ನಡದು ನಡದು.’

ಆ ಕಡೆ ಮಗಳು ಒಬ್ಬಳೇ ಅಲ್ಲ, ಪಾಳಿಯಲ್ಲಿ ನಿಂತ ಹುಡುಗಿಯರೂ ಸೇರಿ ನಕ್ಕದ್ದು ಕೇಳಿಸಿತು. ‘ನೀ ಅಲ್ಲಪ್ಪಾ! ಆಟದಾಗ ಇರೋ ಹುಡುಗಿ ನಡೀಬೇಕು!’

ನಾನು ನಡೆಯುವುದು ಬಿಟ್ಟೆ. ಆದರೆ ವಾಡಿಯಲ್ಲಿ ಇವತ್ತಿಗೂ ಆರು ಜನ ಸಂಜೆ ಎದೆಗೆ ಚೀಲ ಅವಚಿಕೊಂಡು ನಡೆಯುತ್ತಾರೆ. ಚೀಲದಲ್ಲಿ ಏನಿರಬೇಕು ಎಂದು ಅವರ್ಯಾರಿಗೂ ಗೊತ್ತಿಲ್ಲ.

ದಂಡೋತಿಯ ಬಾಜಾ

ಆಟದ ಹುಡುಗಿಯನ್ನು ನಡೆಸಲು ಒಂದು ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಡ್ಯೂಟಿಯಲ್ಲಿ ನನ್ನ ಬೆರಳುಗಳಿಗೆ ಬೇರೆ ಕೆಲಸ. ಅದಕ್ಕೇ ಔಷಧದ ಪೊಟ್ಟಣದ ರಬ್ಬರ್ ಬ್ಯಾಂಡ್ ತೆಗೆದು ಗುಂಡಿಗೆ ಬಿಗಿದುಬಿಟ್ಟೆ. ಹುಡುಗಿ ತನ್ನಷ್ಟಕ್ಕೆ ತಾನು ದುಂಡಗೆ ಸುತ್ತತೊಡಗಿದಳು. ಡಬ್ಬಿ ಔಷಧಿ ಚೀಲದಲ್ಲಿ, ಚೀಲ ನನ್ನ ಹೆಗಲಲ್ಲಿ.

ಅಂದು ದಂಡೋತಿಯಿಂದ ಒಬ್ಬ ರೈತರು ಕರೆಸಿದ್ದರು. ಅಪ್ಪಟ ದೇವಣಿ ತಳಿಯ ಆಕಳು, ಎರಡು ಸಲ ಸೂಜಿ ಹಾಕಿದರೂ ಗಬ್ಬ ನಿಂತಿರಲಿಲ್ಲ. ಇದು ಮೂರನೆಯದು. ರೈತರಿಗಿಂತ ಹೆಚ್ಚು ನಾನೇ ಬೆವೆತಿದ್ದೆ. ಹೆಗಲವರೆಗೆ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು, ಕೈ ಆಕಳ ಒಳಗೆ ಹೋಗಿದೆ, ಕಣ್ಣು ಮುಚ್ಚಿ ಜಾಗ ಹುಡುಕುತ್ತಿದ್ದೇನೆ. ಆಗ ತತ್ತಿ ಒಡೆಯಿತು. ತತ್ತಿ ಒಡೆದಾಗ ಆ ಆಟದಲ್ಲಿ ಭಾರೀ ವಾದ್ಯ ಮೊಳಗುತ್ತದೆ, ಶಬ್ದ ಕಡಿಮೆ ಮಾಡುವುದು ನನಗಿನ್ನೂ ಗೊತ್ತಿರಲಿಲ್ಲ. ಚೀಲ ಹೆಗಲಿನಿಂದ ಜಾರಿ ಆಕಳ ಹೊಟ್ಟೆಗೆ ಆತುಕೊಂಡು ನೇತಾಡುತ್ತಿತ್ತು.

ರೈತರು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ‘ಡಾಕ್ಟ್ರೇ, ಹೊಟ್ಟಿಯಾಗಿಂದ ಬಾಜಾ ಬರ್ಲಿಕತ್ತದ್ರಿ!’

ಕೈ ಹೊರಗೆ ತೆಗೆಯುವಂತಿಲ್ಲ, ಚೀಲಕ್ಕೆ ಕೈ ಹಾಕುವಂತಿಲ್ಲ. ‘ಸುಮ್ನಿರ್ರಿ, ಈಗ ನಿಲ್ತದ’ ಎಂದೆ. ನಿಂತಿತು.

ಆಕಳೂ ಆ ಸಲ ನಿಂತಿತು, ಗಬ್ಬ ಆಯಿತು. ಆಗಿನಿಂದ ದಂಡೋತಿಯ ಕಡೆ ಸೂಜಿ ಹಾಕಲು ಹೋದರೆ ರೈತರು ಮೊದಲೇ ಕೇಳುತ್ತಾರೆ, ‘ಬಾಜಾದ್ದು ತಂದೀರೇನ್ರಿ, ಸಾದಾದ್ದೋ?’

ಸ್ವಭಾವದ ಕಾಲಂ

ಆ ತತ್ತಿಯಿಂದ ಬಂದ ಗಂಡು ಬೆಕ್ಕಿಗೆ ಹೆಣ್ಣು ಮೊಲವನ್ನು ಕೂಡಿಸಿದ ಮೇಲೆ ಮೊಲದ ಮರಿಗಳು ಬರತೊಡಗಿದವು. ಒಂದೊಂದು ಮರಿಗೆ ಒಂದೊಂದು ಸ್ವಭಾವ ಎಂದು ಆಟದಲ್ಲಿ ಬರೆದಿರುತ್ತದೆ. ನನ್ನ ಕೈಯಲ್ಲಿ ಹುಟ್ಟಿದ್ದಕ್ಕೋ ಏನೋ, ಬಂದದ್ದೆಲ್ಲ ಪುಕ್ಕಲ. ಕಾಳಗಕ್ಕೆ ಪುಕ್ಕಲ ಮೊಲ ಕಟ್ಟಿಕೊಂಡು ಏನು ಮಾಡುವುದು? ಹಾರೈಕೆಯೂ ಬರಬೇಕು, ಧೈರ್ಯವೂ ಇರಬೇಕು, ಅಂಥದ್ದು ಸಿಗುವವರೆಗೆ ಬಿಡುವುದಿಲ್ಲ ಎಂದು ಹಟ ಹಿಡಿದೆ. ಮಗಳಿಗೆ ನನ್ನಿಂದ ಹೋದದ್ದು ಅವಳ ಮೊಲಕ್ಕಾದರೂ ಹೋಗಬಾರದು ಎನ್ನುವುದು ನನ್ನ ಒಳಗಿನ ಮಾತು. ಹುಟ್ಟಿದ ಮರಿಗಳ ವಿವರವನ್ನು ಒಂದು ಸಣ್ಣ ವಹಿಯಲ್ಲಿ ಬರೆದಿಡುತ್ತಿದ್ದೆ.

ಒಂದು ದಿನ ಕಲಬುರಗಿಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಆಸ್ಪತ್ರೆಯ ದೊಡ್ಡ ರಿಜಿಸ್ಟರ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಕರು, ಗಂಡು, ಸ್ವಭಾವ ಪುಕ್ಕಲ, ತಂದೆಯ ವಿದ್ಯೆ ಬಂದಿಲ್ಲ. ಇದೇನ್ರಿ?’

ಹಿಂದಿನ ದಿನ ವಹಿ ಯಾವುದು ರಿಜಿಸ್ಟರ್ ಯಾವುದು ಎಂದು ನೋಡದೆ, ಕರುವಿನ ಸಾಲಿಗೇ ಮೊಲದ ಮರಿಯ ವಿವರ ಸೇರಿಸಿ ಬರೆದುಬಿಟ್ಟಿದ್ದೆ. ಸಸ್ಪೆಂಡ್ ಆದಂತೆ, ಮನೆಯಲ್ಲಿ ಕೂತಂತೆ, ಅವ್ವ ನನ್ನ ಬಗ್ಗೆ ಮರುಗಿದಂತೆ ಎಲ್ಲ ಕಣ್ಣ ಮುಂದೆ ಬಂತು. ‘ಅದು ಸಾಹೇಬ್ರ... ಹೋರಿ ಗುಣ ಕರುವಿಗಿ ಬಂದದೋ ಇಲ್ಲೋ ಅಂತ...’ ಎಂದು ತೊದಲಿದೆ.

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಇಷ್ಟು ವರ್ಷದ ಸರ್ವೀಸಿನಾಗ ಕರು ಸ್ವಭಾವ ಬರದಿಟ್ಟಾವನ್ನ ನಾ ನೋಡಿಲ್ಲ!’ ಎಂದು ಬೆನ್ನು ತಟ್ಟಿ ಹೋದರು.

ಹದಿನೈದು ದಿನಕ್ಕೆ ಎಲ್ಲ ಆಸ್ಪತ್ರೆಗಳಿಗೂ ಆದೇಶ ಹೋಯಿತು: ಇನ್ನು ಮುಂದೆ ರಿಜಿಸ್ಟರಿನಲ್ಲಿ ಸ್ವಭಾವದ ಕಾಲಂ ಕಡ್ಡಾಯ. ಆ ಸಂಜೆ ಐನಾಪುರದ ಕಡೆ ಕೆಲಸ ಮಾಡುವ ನನ್ನ ಗೆಳೆಯನ ಫೋನು.

‘ಏ ಮಾರಾಯ, ನಮ್ಮ ಕಡಿ ಎಮ್ಮಿಗೋಳು ಒದೀತಾವ ಇಲ್ಲಾಂದ್ರ ಸುಮ್ನ ನಿಲ್ತಾವ. ಸ್ವಭಾವ ಅಂತ ಏನು ಬರೀಲೋ? ಮೊದಲನೇದು ಒದಿತು ಅಂತ ಬರದೀನಿ, ಉಳದದ್ದೆಲ್ಲ ಮೇಲಿನಂತೆ.’

ಶಹಾಬಾದಿನ ಭಾನುವಾರ

ಪಂದ್ಯಕ್ಕೆ ಮೂರು ದಿನ ಇದ್ದಾಗ ಕಡೆಗೂ ಒಂದು ಮೊಲ ಹುಟ್ಟಿತು. ಹಾರೈಕೆ ಇತ್ತು. ಸ್ವಭಾವ ಧೈರ್ಯ. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಶನಿವಾರ ಮಗಳಿಗೆ ಗತ್ತಿನಿಂದ ಹೇಳಿದೆ, ‘ಛಲೋದು ಒಂದು ಇಟ್ಟೀನಿ. ಉಳಿದ ಬ್ಯಾಡಾದವು ಎಲ್ಲಾ ಬಿಟ್ಟುಬಿಟ್ಟೀನಿ.’ ಬೇಡವಾದ ಮರಿಗಳನ್ನು ಕಾಡಿಗೆ ಬಿಡುವ ಸೌಕರ್ಯ ಆಟದಲ್ಲಿದೆ. ಮಗಳು ‘ಶಾಬಾಸ್ ಅಪ್ಪಾ!’ ಅಂದಳು.

ಭಾನುವಾರ ಬೆಳಿಗ್ಗೆ ಮಗಳು, ಅವಳ ಇಬ್ಬರು ಗೆಳತಿಯರು, ವಾರ್ಡನ್ ಮೇಡಂ ಸೇಡಂನಿಂದ ರೈಲಿನಲ್ಲಿ ಬಂದರು. ವಾಡಿಯಲ್ಲಿ ನಾನು ಹತ್ತಿಕೊಂಡೆ. ಡಬ್ಬಿಯನ್ನು ಎರಡೂ ಕೈಯಿಂದ ಮಗಳಿಗೆ ಒಪ್ಪಿಸಿದೆ. ಗೆಳತಿಯರು ಆ ಕಡೆ ಈ ಕಡೆ ಬಾಗಿ ನೋಡಿದರು. ಮಗಳ ಮುಖ ಇಳಿಯಿತು.

‘ಅಪ್ಪಾ, ಇದು ಧೈರ್ಯದ್ದು.’

‘ಹೌದವ್ವ! ಎಷ್ಟು ತ್ರಾಸು ಬಿದ್ದೀನಿ ಗೊತ್ತದೇನು?’

‘ಧೈರ್ಯದ್ದು ಓಡಂಗಿಲ್ಲಪ್ಪಾ. ನಿಂತು ಹೊಡಸ್ಕೊಂತದ, ಆಮ್ಯಾಲ ಹೊಡೀತದ. ಹಾರೈಸೂದ್ರಾಗೇ ಸತ್ತು ಹೋಗ್ತದ. ಎಲ್ಲಕ್ಕಿಂತ ಮೊದಲ ಏಳೋದು ಪುಕ್ಕಲ ಇರ್ತದಲ್ಲ, ಅದು. ನನಗ ಪುಕ್ಕಲದ್ದೇ ಬೇಕಿತ್ತು.’ ಡಬ್ಬಿಯನ್ನು ಮಡಿಲಲ್ಲಿಟ್ಟು ನನ್ನ ಮುಖ ನೋಡಿದಳು. ‘ಪುಕ್ಕಲ ಬರಲೇ ಇಲ್ಲೇನು?’

‘ಬಂದಿದ್ವು.’

‘ಎಲ್ಲಾ ಬಿಟ್ಟುಬಿಟ್ಟಿ?’

ಗೆಳತಿಯರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹೊರಗೆ ಫರಸಿ ಕಲ್ಲಿನ ಗಣಿಗಳು ಹಿಂದೆ ಸರಿಯುತ್ತಿದ್ದವು. ಮಗಳ ಕಣ್ಣು ತುಂಬಿತು, ಎರಡು ತಿಂಗಳು ಫೋನಿನಲ್ಲಿ ಕೇಳಿದ ಅಳು ಈಗ ಎದುರಿಗೇ ಬರುವುದರಲ್ಲಿತ್ತು. ಗತ್ತು ಇಟ್ಟುಕೊಂಡು ಪ್ರಯೋಜನವಿಲ್ಲ ಅನಿಸಿತು.

‘ಇಲ್ಲವ್ವ. ಸುಳ್ಳು ಹೇಳಿದೆ. ಬಿಡಬೇಕಂತ ಗುಂಡಿ ಒತ್ತಿದಾಗೆಲ್ಲ ಅದು ಕೇಳ್ತದ, ನಿಜವಾಗಿ ಬಿಡಬೇಕೇ, ಮತ್ತೆ ಸಿಗುವುದಿಲ್ಲ ಅಂತ. ನನಗ ಧೈರ್ಯ ಆಗಲಿಲ್ಲ. ಮೊದಲೇ ಅಂಜೋ ಮರಿ, ಕಾಡಿನಾಗ ಒಂದೇ ಹ್ಯಾಂಗಿರ್ತದ? ಒಂದೂ ಬಿಟ್ಟಿಲ್ಲ.’

ಮಗಳು ಪಟಪಟ ಗುಂಡಿ ಒತ್ತಿದಳು. ಆಟದೊಳಗೆ ಮರಿಗಳನ್ನಿಡುವ ಒಂದು ಪೆಟ್ಟಿಗೆ ತೆರೆದರೆ ಪುಕ್ಕಲ ಮೊಲ, ಮುಂದಿನ ಪೆಟ್ಟಿಗೆ ತೆರೆದರೆ ಪುಕ್ಕಲ ಮೊಲ. ಐದು ಪೆಟ್ಟಿಗೆ ತುಂಬ ಎಲೆಗಿವಿಗಳು ಕೂತಿದ್ದವು. ಅವುಗಳಲ್ಲಿ ಹಾರೈಕೆ ಬಲ್ಲವೇ ಹನ್ನೊಂದು. ಮೂವರು ಹುಡುಗಿಯರೂ ಒಟ್ಟಿಗೆ ಕಿರುಚಿದ್ದಕ್ಕೆ ರೈಲು ಡಬ್ಬಿಯ ತುಂಬ ಜನ ಎದ್ದು ನಿಂತು ನೋಡಿದರು. ವಾರ್ಡನ್ ಮೇಡಂ ಹಾವು ಬಂತೇನೋ ಎಂದು ಸೀಟಿನ ಮೇಲೆ ಕಾಲೆತ್ತಿಕೊಂಡರು.

ಪಂದ್ಯ ಒಂದು ಕಲ್ಯಾಣ ಮಂಟಪದಲ್ಲಿ. ಅಲ್ಲಿ ಎಲ್ಲ ಪ್ರಾಣಿಗಳಿಗೂ ಒಂದೇ ವಯಸ್ಸು ಎಂದು ಲೆಕ್ಕ ಹಿಡಿಯುತ್ತಾರಂತೆ, ಆದ್ದರಿಂದ ಎಳೆಯ ಮರಿಯಾದರೂ ಚಿಂತೆ ಇಲ್ಲ. ಮಗಳ ಹೆಸರು ಕೂಗಿದಾಗ ಅವಳು ಎದ್ದು ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು. ನಾನು ನೋಡಲಾರದೆ ಕಂಬದ ಹಿಂದೆ ಹೋಗಿ ನಿಂತೆ. ಆಗಾಗ ಒಂದು ಕಣ್ಣಷ್ಟೇ ಹೊರಗೆ ಹಾಕಿ ನೋಡುತ್ತಿದ್ದೆ. ದೊಡ್ಡ ಪರದೆಯ ಮೇಲೆ ಎದುರಿನವರ ಗೂಳಿಯಂಥ ಪ್ರಾಣಿ ಕಾಲು ಕೆರೆಯುವುದರೊಳಗೆ ನಮ್ಮ ಎಲೆಗಿವಿ ಹಾರೈಸಿ ಮುಗಿಸಿತ್ತು. ಅದು ಬಿತ್ತು, ಆದರೆ ಹಿಂದೆ ಬಂದ ಗೆಳತಿಯ ಪ್ರಾಣಿಯ ಗಾಯಗಳೆಲ್ಲ ಮಾಯವಾದವು. ಮೊದಲ ಕಾಳಗ ಗೆದ್ದರು, ಎರಡನೆಯದೂ ಗೆದ್ದರು. ಮೂರನೆಯದರಲ್ಲಿ ಚಿಂಚೋಳಿಯ ಹುಡುಗಿಯರು ಸೋಲಿಸಿದರು.

ಸೋತರು ಎಂದ ಕೂಡಲೇ ಇನ್ನು ಹಾಸ್ಟೆಲ್ ಮುಗಿಯಿತು, ಹಾಸಿಗೆ ಟ್ರಂಕು ಹೊರಲು ಯಾರನ್ನು ಕರೆಯಲಿ ಎಂದು ಯೋಚನೆ ಹತ್ತಿತು. ನೋಡಿದರೆ ಮೂವರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ನಗುತ್ತಿದ್ದಾರೆ. ಮಗಳು ವಾರ್ಡನ್ ಮೇಡಂಗೆ, ‘ಮೇಡಂ, ಸೇಡಂ ರೈಲು ಎಷ್ಟಕ್ಕದ್ರಿ? ಜಲ್ದಿ ಹೋಗಮು, ನಾಳೆ ಗಣಿತ ಟೆಸ್ಟ್ ಅದ’ ಅನ್ನುತ್ತಿದ್ದಳು. ಕಂಬಕ್ಕೆ ಹಣೆ ಹಚ್ಚಿ ನಾನೊಂದು ದೊಡ್ಡ ಉಸಿರು ಬಿಟ್ಟೆ.

ಆಗ ಗೆದ್ದ ಚಿಂಚೋಳಿಯ ಹುಡುಗಿ ತನ್ನ ತಂಡ ಕಟ್ಟಿಕೊಂಡು ನನ್ನ ಮಗಳ ಹತ್ತಿರ ಬಂದಳು. ‘ಅಕ್ಕಾ, ಗೆದ್ದಿದ್ದು ನಾವು ಖರೆ, ಆದ್ರ ಇಷ್ಟು ಪಕ್ಕಾ ಪುಕ್ಕಲ ನಾ ಎಲ್ಲೂ ನೋಡಿಲ್ಲ. ನಾ ವರ್ಷದಿಂದ ಹುಡುಕ್ಲಿಕತ್ತೀನಿ. ಈ ತಳಿ ಎಲ್ಲಿ ಸಿಕ್ತು?’

ಮುಂಚೆ ಆಗಿದ್ದರೆ ಪರಿಚಯವಿಲ್ಲದವರು ಮಾತಾಡಿಸಿದರೆ ನನ್ನ ಮಗಳು ನನ್ನ ಬೆನ್ನ ಹಿಂದೆ ಅಡಗುತ್ತಿದ್ದಳು. ಈಗ ಸೊಂಟದ ಮೇಲೆ ಕೈಯಿಟ್ಟು, ಇಡೀ ಮಂಟಪಕ್ಕೆ ಕೇಳಿಸುವ ಹಾಗೆ ಹೇಳಿದಳು:

‘ಎಲ್ಲಿಂದೂ ತಂದಿಲ್ಲ, ನಮ್ಮ ಮನಿ ತಳಿ. ಹೋರಿ ಅಗೋ, ಆ ಕಂಬದ ಹಿಂದ ನಿಂತದ ನೋಡ್ರಿ.’